ಕಾಲೂರದೆ ನಿಲ್ಲುವ ವಿದ್ಯೆ

ಸೈಕಲ್ ತುಳಿಯಲು ಬಲ್ಲವರು ಊರಿಗೆ ಸಾವಿರ ಮಂದಿ ಸಿಕ್ಕಾರು. ಅದನ್ನೇರಿ, ಕಾಲನ್ನು ನೆಲಕ್ಕೂರದೆ, ಇದ್ದಲ್ಲಿಯೇ ಒಂದು ನಿಮಿಷ ನಿಲ್ಲಬಲ್ಲವರು ಬೀದಿಗೊಬ್ಬರು ಸಿಕ್ಕುವುದೂ ಕಷ್ಟ. 62 ವರ್ಷ ತುಂಬಿದ ಮೇಲೆ ಈ ಎರಡನೆಯ ಪಂಗಡಕ್ಕೆ ಸೇರಬೇಕೆಂದು ಹಟತೊಟ್ಟ ಮೇಷ್ಟರೊಬ್ಬರು ತುಮಕೂರಿನಲ್ಲಿದ್ದಾರೆ. ಪ್ರೌಢಶಾಲೆಯಲ್ಲಿ 30 ವರ್ಷ ವಿಜ್ಞಾನ ಬೋಧಿಸಿ ನಿವೃತ್ತರಾದವರು. ಗುರುತ್ವಕೇಂದ್ರದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಎಷ್ಟು ಸಲ ಒರೆಸಿದ್ದರೋ ಲೆಕ್ಕವಿಲ್ಲ. ಆ ಗುರುತ್ವಕೇಂದ್ರವೇ ಒಂದು ದಿನ ಬೆಳಗ್ಗೆ ಬಿ.ಎಚ್. ರಸ್ತೆಯಲ್ಲಿ ಅವರಿಗೆ ಕೈಕೊಟ್ಟಿತು.

ಕೆಂಪು ದೀಪ ಹತ್ತಿತ್ತು. ಮೇಷ್ಟರು ನಿಯಮವನ್ನು ಮೀರುವವರಲ್ಲ. ಬ್ರೇಕು ಹಿಡಿದು ಬಲಗಾಲನ್ನು ಕೆಳಕ್ಕೆ ಚಾಚಿದರು. ನೆಲ ಇರಬೇಕಾದ ಎಡೆಯಲ್ಲಿ ನಾಲ್ಕು ಅಂಗುಲದ ಹಳ್ಳವಿತ್ತು. ಹ್ಯಾಂಡಲ್ಲಿಗೆ ತೂಗುಹಾಕಿದ್ದ ಸೌತೆಕಾಯಿ, ಸೊಪ್ಪು, ಮೇಷ್ಟರು, ಸೈಕಲ್ಲು ಎಲ್ಲವೂ ಅದೇ ಅನುಕ್ರಮದಲ್ಲಿ ರಸ್ತೆಗೆ ಬಿದ್ದವು. ಹೂ ಮಾರುವ ಹೆಂಗಸರಿಬ್ಬರು ಎತ್ತಿ ಕೂರಿಸಿ ನೀರು ಕೊಟ್ಟರು. ಮಂಡಿ ತರಚಿದ್ದನ್ನು ಬಿಟ್ಟರೆ ದೇಹಕ್ಕೆ ಹೇಳಿಕೊಳ್ಳುವಂತಹ ಪೆಟ್ಟೇನೂ ಆಗಿರಲಿಲ್ಲ. ಪೆಟ್ಟು ಕಾದಿದ್ದುದು ಮನೆಯಲ್ಲಿ. ಬೆಂಗಳೂರಿನಿಂದ ಮಗಳು ಫೋನು ಮಾಡಿ ಗದರಿಸಿದಳು. ಮನೆಯಾಕೆ ಹೆಚ್ಚು ಮಾತಾಡಲಿಲ್ಲ: “ಗುಜರಿಯವನು ಗುರುವಾರ ಬರ್ತಾನೆ, ಕೊಟ್ಟುಬಿಡಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಅದು ಅಟ್ಲಾಸ್ ಸೈಕಲ್ಲು. ಮೇಷ್ಟರಿಗೆ ಕೆಲಸ ಸಿಕ್ಕ ವರ್ಷ ಕೊಂಡದ್ದು. ಅದನ್ನು ತಯಾರಿಸಿದ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ವಿಶ್ವಸಂಸ್ಥೆ ಜಗತ್ತಿಗೆಲ್ಲ ಸೈಕಲ್ ದಿನವೆಂದು ಗೊತ್ತುಮಾಡಿದ ದಿನವೂ ಅದೇ ಎಂಬುದು ವಿಧಿಯ ವಿನೋದ. ತಯಾರಿಸಿದವರೇ ಕೈಬಿಟ್ಟ ವಸ್ತುವನ್ನು ತಾವೂ ಕೈಬಿಡಬೇಕೆ ಎಂಬುದು ಮೇಷ್ಟರ ಸಂಕಟ. ಪೇಟೆಗೆ, ಬ್ಯಾಂಕಿಗೆ, ಅಮಾನಿಕೆರೆಯ ಕಡೆಗೆ ಯಾರನ್ನೂ ಕೇಳದೆ ಹೋಗಿಬರುತ್ತಿದ್ದ ಮನುಷ್ಯ ಇನ್ನು ಮುಂದೆ ಆಟೋದವರ ದಾರಿ ಕಾಯಬೇಕು. ವಯಸ್ಸಾದವರ ಕೈಯಿಂದ ಒಂದೊಂದೇ ವಸ್ತುವನ್ನು ಪ್ರೀತಿಯಿಂದಲೇ ಕಿತ್ತುಕೊಳ್ಳುವುದು ಮಧ್ಯಮವರ್ಗದ ಮನೆಗಳ ಪದ್ಧತಿ. ಕಿತ್ತುಕೊಳ್ಳುವವರ ಮೇಲೆ ಕೋಪಿಸಿಕೊಳ್ಳುವಂತೆಯೂ ಇಲ್ಲ.

ಈ ಪ್ರಕರಣದಲ್ಲಿ ಮೇಷ್ಟರ ಪಕ್ಷ ವಹಿಸಿದವನು ಮನೆಯಲ್ಲಿದ್ದ ಹುಡುಗನೊಬ್ಬನೇ. ಕುಣಿಗಲ್ಲಿನಲ್ಲಿರುವ ತಮ್ಮನಿಗೆ ತಡವಾಗಿ ಹುಟ್ಟಿದ ಒಬ್ಬನೇ ಮಗ. ತುಮಕೂರಿನ ಕಾಲೇಜಿನಲ್ಲಿ ಎರಡನೆಯ ಪಿ.ಯು.ಸಿ. ಓದುತ್ತ ದೊಡ್ಡಪ್ಪನ ಮನೆಯಲ್ಲಿದ್ದ. ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದ:

“ದೊಡ್ಡಪ್ಪ, ನೀವು ಬಿದ್ದದ್ದು ಓಡಿಸೋವಾಗ ಅಲ್ಲ, ನಿಲ್ಲಿಸೋವಾಗ. ನಿಲ್ಲೋದು ಕಲಿತರೆ ಆಯ್ತಲ್ಲ.”

ಹುಡುಗನಿಗೆ ಈ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಸ್ಕಾಟ್ಲೆಂಡಿನ ಡ್ಯಾನಿ ಮೆಕ್ಯಾಸ್ಕಿಲ್ ಎಂಬ ತರುಣ ಎಡಿನ್‌ಬರೋ ನಗರದ ಗೋಡೆ, ಬೇಲಿ, ಮೆಟ್ಟಿಲುಗಳ ಮೇಲೆ ಸೈಕಲ್ಲನ್ನು ಮೇಕೆಯ ಹಾಗೆ ಕುಣಿಸಿದ ಚಲನಚಿತ್ರ 2009ರಲ್ಲಿ ಪ್ರಪಂಚವನ್ನೆಲ್ಲ ಸುತ್ತಿತ್ತು. ಈ ಕಲೆಗೆ ‘ಟ್ರಯಲ್ಸ್’ ಎಂದು ಹೆಸರು. ಮೊದಲಿಗೆ ಇದು ಬ್ರಿಟನ್ನಿನ ಬೆಟ್ಟಗುಡ್ಡಗಳಲ್ಲಿ ಮೋಟಾರ್ ಸೈಕಲ್ಲಿನವರು ಆಡುತ್ತಿದ್ದ ಪಂದ್ಯ. ಅಲ್ಲಿ ವೇಗಕ್ಕೆ ಬಹುಮಾನವಿಲ್ಲ. ಬಂಡೆ, ಹಳ್ಳ, ಕೆಸರುಗಳನ್ನು ಕಾಲೂರದೆ ದಾಟಬೇಕು. ಒಂದು ಸಲ ಕಾಲು ನೆಲಕ್ಕೆ ತಾಗಿದರೆ ಒಂದು ತಪ್ಪಂಕ, ಪೂರ್ತಿ ಸೋತರೆ ಐದು. ಅತಿ ಕಡಿಮೆ ಅಂಕದವನೇ ಗೆದ್ದವನು. ಸ್ಪೇನಿನ ಕಟಲೋನಿಯಾದಲ್ಲಿ ಪೇರೆ ಪಿ ಎಂಬ ಮೋಟಾರ್ ಸೈಕಲ್ ಸವಾರ 1970ರ ದಶಕದಲ್ಲಿ ಇದೇ ವಿದ್ಯೆಯನ್ನು ತನ್ನ ಮಗ ಒಟ್ ಪಿಗೆ ಸೈಕಲ್ಲಿನ ಮೇಲೆ ಅಭ್ಯಾಸ ಮಾಡಿಸಿದ. ಮುಂದೆ ಆ ಮಗ ವಿಶ್ವ ವಿಜೇತನಾದ. ಈ ಕೆಲಸಕ್ಕೆಂದೇ ಮಾಡಿದ ಸೈಕಲ್ಲುಗಳಿಗೆ ಈಗ ಸೀಟೇ ಇರುವುದಿಲ್ಲ. ಸವಾರ ಕೂರುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ ಅದು ದಂಡದ ಖರ್ಚು.

ತುಮಕೂರು ಸೀಮೆಯ ಜನಕ್ಕೆ ಇದು ತೀರ ಅಪರಿಚಿತವೇನಲ್ಲ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಟ್ಟಕಡೆಗೆ ಬಂದವನಿಗೆ ಮೊದಲ ಬಹುಮಾನ ಕೊಡುವ ಸ್ಲೋ ಸೈಕಲ್ ಪಂದ್ಯವನ್ನು ನೋಡಿ ನಗದವರಾರು? ಸುಣ್ಣದ ಗೆರೆಗಳ ನಡುವೆ ಹ್ಯಾಂಡಲ್ಲನ್ನು ತಿರುಚುತ್ತ, ಹಲ್ಲು ಕಚ್ಚಿಕೊಂಡು, ಬಸವನಹುಳುವಿನೊಡನೆ ಸ್ಪರ್ಧಿಸುವ ಹುಡುಗರು ಆಡುವುದೂ ಟ್ರಯಲ್ಸೇ, ಬಂಡೆಯೊಂದಿಲ್ಲ ಅಷ್ಟೆ.

ಗುರುವಾರ ಗುಜರಿಯವನು ಬಂದು ಬರಿಗೈಯಲ್ಲಿ ಹಿಂದಿರುಗಿದ. ಮನೆಯಾಕೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು: ರಸ್ತೆಯಲ್ಲಿ ಈ ಕಸರತ್ತು ಕೂಡದು, ಸಿಗ್ನಲ್ಲಿನಲ್ಲಿ ಎಲ್ಲರಂತೆ ಕಾಲೂರಿಯೇ ನಿಲ್ಲಬೇಕು, ಅದೂ ನೆಲ ನೋಡಿಕೊಂಡು. ಹುಡುಗನೂ ಅದನ್ನೇ ಹೇಳಿದ. ಕಾಲೂರದೆ ನಿಲ್ಲಲು ಬಂದವನಿಗೆ ಯಾವ ಕಾಲನ್ನು, ಎಲ್ಲಿ, ಯಾವಾಗ ಊರಬೇಕೆಂದು ಯೋಚಿಸಲು ಎರಡು ಕ್ಷಣ ಹೆಚ್ಚು ಸಿಕ್ಕುತ್ತವೆ. ಆ ಎರಡು ಕ್ಷಣಕ್ಕಾಗಿ ಈ ಪಾಡು.

ಪಾಠ ಬೆಳಗಿನ ಆರು ಗಂಟೆಗೆ, ಮನೆಯ ಮುಂದಿನ ಗಲ್ಲಿಯಲ್ಲಿ ಆರಂಭವಾಯಿತು. ನೆಲ ಸ್ವಲ್ಪವೇ ಏರಾಗಿರಬೇಕು ಎಂದು ಶಿಷ್ಯನ ಸ್ಥಾನದಿಂದ ಬಡ್ತಿ ಪಡೆದ ಗುರು ಅಪ್ಪಣೆ ಮಾಡಿದ. ಸೀಟನ್ನು ಎರಡಂಗುಲ ತಗ್ಗಿಸಿದ. ಚಕ್ರಗಳ ಗಾಳಿಯನ್ನು ತುಸು ಬಿಟ್ಟ. ಮೆತ್ತಗಿನ ಟೈರು ನೆಲವನ್ನು ಅಗಲವಾಗಿ ಕಚ್ಚುತ್ತದೆ. ಎಡಗಾಲು ಮುಂದೆ, ಬಲಗಾಲು ಹಿಂದೆ. ಪೆಡಲುಗಳೆರಡೂ ನೆಲಕ್ಕೆ ಸಮಾನಾಂತರ. ಮಂಡಿಗಳು ಕೊಂಚ ಬಾಗಿರಬೇಕು. ಮುಂಗಾಲಿಯನ್ನು ಎಡಕ್ಕೆ, ಮುಂದಿರುವ ಕಾಲಿನ ಕಡೆಗೇ ತಿರುಗಿಸಿರಬೇಕು. ಹಿಂಬ್ರೇಕಿನ ಮೇಲೆ ಬೆರಳಿರಬೇಕು. ಇಷ್ಟೂ ಆದಮೇಲೆ ಸೀಟನ್ನು ಬಿಟ್ಟೆದ್ದು, ಪೆಡಲುಗಳ ಮೇಲೆ ನಿಂತು, ಬ್ರೇಕು ಸಡಿಲಿಸಬೇಕು.

ಇದರ ಒಳಮರ್ಮ ಮೇಷ್ಟರಿಗೆ ಕ್ಷಣದಲ್ಲಿ ಹೊಳೆಯಿತು. ಚಕ್ರ ಎಡಕ್ಕೆ ತಿರುಗಿರುವಾಗ ಸೈಕಲ್ಲು ಒಂದಂಗುಲ ಮುಂದಕ್ಕೆ ಉರುಳಿದರೆ ಮುಂಗಾಲಿ ನೆಲವನ್ನು ಮುಟ್ಟುವ ಬಿಂದು ಎಡಕ್ಕೆ ಸರಿಯುತ್ತದೆ. ಹಿಂದಕ್ಕೆ ಉರುಳಿದರೆ ಬಲಕ್ಕೆ. ದೇಹ ಎಡಕ್ಕೆ ವಾಲಿದರೆ ಪೆಡಲನ್ನು ಕೊಂಚ ಒತ್ತಬೇಕು, ಬಲಕ್ಕೆ ವಾಲಿದರೆ ಒತ್ತಡವನ್ನು ಸಡಿಲಿಸಬೇಕು. ಹಿಂದಕ್ಕೆ ತರುವ ಕೆಲಸವನ್ನು ಏರು ತಾನೇ ಮಾಡುತ್ತದೆ. ಆಗ ಪೆಡಲೂ ಜೊತೆಯಲ್ಲೇ ಹಿಂದಕ್ಕೆ ಬರುವುದರಿಂದ ಪಾದ ಅದನ್ನು ತಡೆದು ಹಿಡಿದಿರಬೇಕು. ನೋಡುವವರಿಗೆ ನಿಂತಂತೆ ಕಾಣುವ ಸೈಕಲ್ಲು ವಾಸ್ತವವಾಗಿ ನಿಂತಿರುವುದೇ ಇಲ್ಲ. ಅಂಗುಲದಷ್ಟು ಹೋಗುತ್ತ ಅಂಗುಲದಷ್ಟು ಬರುತ್ತ ಇರುತ್ತದೆ. ಇದನ್ನೆಲ್ಲ ಮೇಷ್ಟರು ಸೊಗಸಾಗಿ ವಿವರಿಸಿದರು. ಹುಡುಗ ವಿನಯದಿಂದ ಕೇಳಿದ.

“ಅದೆಲ್ಲ ಸರಿ ದೊಡ್ಡಪ್ಪ. ಚಕ್ರ ನೋಡಬೇಡಿ. ಎದುರಿನ ತೆಂಗಿನಮರ ನೋಡಿ.”

ಮೇಷ್ಟರು ತೆಂಗಿನಮರವನ್ನು ನೋಡಿದರು. ಮೊದಲ ದಿನದ ಸಾಧನೆ ಎರಡು ಸೆಕೆಂಡು.

ಒಂದು ವಾರ ಹೀಗೆಯೇ ಕಳೆಯಿತು. ತೊಡೆಗಳು ನೋಯತೊಡಗಿದವು. ಹಾಲಿನವನು ದಿನವೂ ಒಂದು ಕ್ಷಣ ನಿಂತು ನೋಡಿ, ಏನನ್ನೂ ಕೇಳದೆ ಹೋಗುತ್ತಿದ್ದ, ಕೇಳಿದ್ದರೇ ವಾಸಿಯಿತ್ತು. ಬೀಳುವೆನೆಂಬ ಭಯ ಬಂದೊಡನೆ ಮೇಷ್ಟರ ಕೈ ಬ್ರೇಕನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಹಿಡಿದೊಡನೆ ಸೈಕಲ್ಲಿನ ಹೋಗುಬರವು ನಿಂತು, ಅದು ಕಡಿದ ಮರದಂತೆ ಉರುಳುತ್ತಿತ್ತು. “ಹಿಡೀಬೇಡಿ ದೊಡ್ಡಪ್ಪ, ಬಿಡಿ” ಎಂದು ಹುಡುಗ ಕೂಗುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮೇಷ್ಟರ ಮುಖ ಕೊಂಚ ಕಂದುತ್ತಿದ್ದುದು ಅವನಿಗೆ ಅರ್ಥವಾಗಿರಲಾರದು.

ಅದರ ಹಿಂದೆ 1978ರಷ್ಟು ಹಳೆಯ ಕಥೆಯೊಂದಿತ್ತು. ಗುಬ್ಬಿಯ ಪೇಟೆಯಲ್ಲಿ ಗಂಟೆಗೆ ನಾಲ್ಕಾಣೆಯಂತೆ ಬಾಡಿಗೆ ಸೈಕಲ್ಲು ಸಿಕ್ಕುತ್ತಿದ್ದ ಕಾಲ. ಒಂಬತ್ತು ವರ್ಷದ ತಮ್ಮನಿಗೆ ಬಾರಿನ ಮೇಲೆ ಕಾಲು ಹಾಯುತ್ತಿರಲಿಲ್ಲ, ಒಳಪೆಡಲು ತುಳಿಯುತ್ತಿದ್ದ. ಹದಿನೈದರ ಅಣ್ಣ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದ. “ಹಿಡ್ಕೊಂಡಿದೀನಿ, ತುಳಿ” ಎಂದು ಅಣ್ಣ ಕೂಗುತ್ತಲೇ ಇದ್ದ. ಆದರೆ ಕೈ ಎಂದೋ ಬಿಟ್ಟಾಗಿತ್ತು. ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಊರಿನಲ್ಲಿ ಬೆಳೆದವನಿಗೆ ಅಷ್ಟು ಅಭಿನಯ ಬಾರದಿದ್ದೀತೆ? ಸೈಕಲ್ ಕಲಿಸುವವರೆಲ್ಲ ಮಾಡುವುದೂ ಅದನ್ನೇ. ತಮ್ಮ ನಂಬಿಕೊಂಡು ತುಳಿದ, ಹೆಮ್ಮೆಯಿಂದ ಹಿಂದಿರುಗಿ ನೋಡಿದ, ದೂರದಲ್ಲಿ ನಿಂತಿದ್ದ ಅಣ್ಣನನ್ನು ಕಂಡ, ತೆಂಗಿನಕಾಯಿ ರಾಶಿಗೆ ಹೋಗಿ ಗುದ್ದಿದ. ಎಡಹುಬ್ಬಿನ ಮೇಲೆ ಗಾಯವಾಯಿತು. ಗುರುತು ಇಂದಿಗೂ ಇದೆ.

ಇಷ್ಟಕ್ಕೇ ಮುಗಿದಿದ್ದರೆ ಅದು ಹಬ್ಬದ ದಿನ ಊಟದ ಪಂಕ್ತಿಯಲ್ಲಿ ಹೇಳಿ ನಗುವ ಕಥೆಯಾಗಿ ಉಳಿಯುತ್ತಿತ್ತು. ತಂದೆ ತೀರಿಕೊಂಡ ಮೇಲೆ ಗುಬ್ಬಿಯ ಮನೆಯನ್ನು ತಾನೇ ಉಳಿಸಿಕೊಳ್ಳಬೇಕೆಂದು ತಮ್ಮನಿಗೆ ಆಸೆಯಿತ್ತು, ಕೈಯಲ್ಲಿ ಹಣವಿರಲಿಲ್ಲ. “ನೀನು ಹೊಂದಿಸಿಕೊಳ್ಳೋವರೆಗೂ ನಾನು ಹಿಡಿದಿಟ್ಟಿರ್ತೀನಿ” ಎಂದು ಅಣ್ಣ ಮಾತು ಕೊಟ್ಟರು. ಒಂದು ವರ್ಷವೂ ಆಗಲಿಲ್ಲ, ಮಗಳ ಮದುವೆ ಗೊತ್ತಾಯಿತು. 2016ರಲ್ಲಿ ಮನೆ ಮಾರಾಟವಾಯಿತು. ತಮ್ಮ ಬಂದು ಕಾಗದಕ್ಕೆ ರುಜು ಹಾಕಿದ, ತನ್ನ ಪಾಲನ್ನು ತೆಗೆದುಕೊಂಡ, ಹೊಸಿಲು ದಾಟುವಾಗ ಹುಬ್ಬನ್ನು ಮುಟ್ಟಿ ತೋರಿಸಿ, “ಚಿಕ್ಕಂದಿನಿಂದ ನಿನ್ನದು ಇದೇ ಅಲ್ವೇನಣ್ಣ” ಎಂದು ಹೇಳಿ ಹೋದ. ತುಮಕೂರಿಗೂ ಕುಣಿಗಲ್ಲಿಗೂ ನಡುವೆ 40 ಕಿಲೋಮೀಟರೂ ಇಲ್ಲ. ಆದರೂ ಅಣ್ಣತಮ್ಮಂದಿರು ಆ ಮೇಲೆ ಮಾತಾಡಲಿಲ್ಲ. ವಾರಗಿತ್ತಿಯರು ಮಾತ್ರ ಫೋನಿನಲ್ಲಿ ಹಪ್ಪಳ ಸಂಡಿಗೆಯ ವಿಚಾರ ಮಾತಾಡಿಕೊಂಡೇ ಇದ್ದರು. ಹುಡುಗ ದೊಡ್ಡಪ್ಪನ ಮನೆಗೆ ಓದಲು ಬಂದದ್ದೂ ಆ ಹಪ್ಪಳದ ದಾರಿಯಿಂದಲೇ. ಗಂಡಸರ ಅಭಿಮಾನದಿಂದ ಕೆಟ್ಟ ಎಷ್ಟು ಸಂಸಾರಗಳನ್ನು ಈ ನಾಡಿನಲ್ಲಿ ಹಪ್ಪಳ ಕಾಪಾಡಿದೆಯೋ!

ಮೂರನೆಯ ವಾರದಲ್ಲಿ ಏನೋ ಕುದುರಿತು. ಒಂದು ದಿನ ಮೇಷ್ಟರ ಕೈ ಬ್ರೇಕನ್ನು ಹಿಡಿಯಲು ಮರೆಯಿತು. ಎಡಪಾದ ತಾನಾಗಿ ಒತ್ತಿತು, ತಾನಾಗಿ ಬಿಟ್ಟಿತು. ತೆಂಗಿನಮರ ಇದ್ದಲ್ಲೇ ಇತ್ತು; ಮೇಷ್ಟರೂ ಇದ್ದಲ್ಲೇ ಇದ್ದರು. ಹುಡುಗ ಒಂಬತ್ತರವರೆಗೆ ಎಣಿಸಿದ. ಅದು ಎರಡು ವಾರಗಳಲ್ಲಿ ಹತ್ತೊಂಬತ್ತಕ್ಕೆ ಬಂದು ಅಲ್ಲಿಯೇ ನಿಂತಿತು. ಇಪ್ಪತ್ತನ್ನು ಮುಟ್ಟುವುದು ಸಾಧ್ಯವಾಗಲಿಲ್ಲ. ಆದರೆ ಪೇಟೆಯ ಜನಸಂದಣಿಯಲ್ಲಿ ಸೈಕಲ್ಲು ಹೇಳಿದಂತೆ ಕೇಳತೊಡಗಿತು. ಎಮ್ಮೆ ಅಡ್ಡಬಂದರೂ, ಕಾರಿನ ಬಾಗಿಲು ತಟ್ಟನೆ ತೆರೆದುಕೊಂಡರೂ ಮೇಷ್ಟರು ಗಾಬರಿಯಾಗದೆ ತಡೆದು, ನೆಲ ನೋಡಿ, ಕಾಲೂರಿ ಇಳಿಯುತ್ತಿದ್ದರು. ಮನೆಯಾಕೆ ಗುಜರಿಯವನ ಹೆಸರೆತ್ತುವುದನ್ನು ಬಿಟ್ಟರು.

ಫೆಬ್ರವರಿಯ ಕೊನೆಯ ಭಾನುವಾರ. ಪರೀಕ್ಷೆ ಹತ್ತಿರವಾಗಿತ್ತು. ಮೇಷ್ಟರು ಎಂದಿನಂತೆ ಗಲ್ಲಿಯಲ್ಲಿ ಪೆಡಲುಗಳ ಮೇಲೆ ನಿಂತು ತೆಂಗಿನಮರವನ್ನು ನೋಡುತ್ತಿದ್ದರು, ಹುಡುಗ ಎಣಿಸುತ್ತಿದ್ದ. ಗಲ್ಲಿಯ ತುದಿಯಲ್ಲಿ ರಾಗಿಹಿಟ್ಟಿನ ಚೀಲವನ್ನು ಹೆಗಲಿಗೇರಿಸಿಕೊಂಡ ಒಬ್ಬರು ಕಾಣಿಸಿದರು. ಕುಣಿಗಲ್ಲಿನಿಂದ ಮೊದಲ ಬಸ್ಸಿಗೆ ಹೊರಟುಬಂದವರು. ತೆಂಗಿನಮರಕ್ಕೂ ಮೇಷ್ಟರಿಗೂ ನಡುವೆ ಅವರು ಹಾದುಬಂದರು. ಹುಬ್ಬಿನ ಗುರುತು ಕಣ್ಣಿಗೆ ಬಿತ್ತು. ಸೈಕಲ್ಲು ಓಲಾಡಿತು. ಬಂದವರು ಮಾತಾಡದೆ ಚೀಲವನ್ನು ಗೋಡೆಗೆ ಒರಗಿಸಿ ಹಿಂದಕ್ಕೆ ನಡೆದುಹೋದರು.

“ಹಿಡ್ಕೊಂಡಿದೀನಿ” ಎಂಬ ಮಾತು ಬೆನ್ನ ಹಿಂದಿನಿಂದ ಬಂತು. “ಮುಂದೆ ನೋಡಣ್ಣ.”

ಮೇಷ್ಟರು ಹಿಂದಿರುಗಿ ನೋಡಲಿಲ್ಲ, ನೋಡುವಂತಿರಲಿಲ್ಲ. ಹದಿನೆಂಟು, ಹತ್ತೊಂಬತ್ತು. ಹುಡುಗನ ದನಿ ತುಸು ಏರಿತು. ಇಪ್ಪತ್ತು, ಇಪ್ಪತ್ತೊಂದು. ತೆಂಗಿನಮರ ಮಸುಕುಮಸುಕಾಗಿ ಕಾಣತೊಡಗಿತು. ಪಾದ ಒತ್ತುತ್ತಿತ್ತು, ಬಿಡುತ್ತಿತ್ತು. ಮೂವತ್ತೊಂದಕ್ಕೆ ಮಂಡಿ ಸೋತು, ಬಲಗಾಲು ನೆಲಕ್ಕೆ ಬಂತು.

ತಮ್ಮ ಎರಡು ಹೆಜ್ಜೆ ಹಿಂದೆ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದ.

ಹುಡುಗ ನ್ಯಾಯನಿಷ್ಠುರಿ. “ಇದು ಲೆಕ್ಕಕ್ಕಿಲ್ಲ ದೊಡ್ಡಪ್ಪ, ಅಪ್ಪ ಹಿಡಿದಿದ್ರು” ಎಂದ.

“ಲೆಕ್ಕಕ್ಕೆ ಸೇರಿಸ್ಕೊಳ್ಳೋ” ಎಂದ ತಮ್ಮ, ಚೀಲವನ್ನೆತ್ತಿಕೊಳ್ಳುತ್ತ. “ನಾನು ಮುಟ್ಟೇ ಇರಲಿಲ್ಲ.”