ಸಂಜೆ ಐದಕ್ಕೆ ಬಂದ ಕೂಲಿಯವರು

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಕೂಲಿಯವರ ಕಥೆ ಬರುತ್ತದೆ. ಚಿಕ್ಕಂದಿನಿಂದ ಭಾನುವಾರದ ಆರಾಧನೆಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ದ್ರಾಕ್ಷಿ ತೋಟವನ್ನೇ ನೋಡದೆ ಕೇಳುವುದು ಬೇರೆ, ತೋಟಗಳ ನಡುವಿನ ಊರಿನಲ್ಲಿ ಕೂತು ಓದುವುದು ಬೇರೆ. ಆ ಊರು ತೇನಿ ಜಿಲ್ಲೆಯ ಚಿನ್ನಮನೂರು. ಅಲ್ಲಿ ನಮ್ಮ ಮಾವನವರ ಮನೆ ಇದೆ, ಶಾಲೆಗೆ ರಜೆ ಬಂದಾಗ ಹೋಗಿ ಬರುತ್ತೇವೆ.

ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಕಂಬಂ ಕಣಿವೆ ಹಸಿರಾಗಿರುವುದಕ್ಕೆ ಮುಖ್ಯ ಕಾರಣ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು. ಅದನ್ನು ಕಟ್ಟಿಸಿದ ಇಂಜಿನಿಯರ್ ಪೆನ್ನಿಕುಕ್ ಅವರನ್ನು ಇಲ್ಲಿನ ರೈತರು ಇಂದಿಗೂ ನೆನೆಯುತ್ತಾರೆ. ಭತ್ತ, ಬಾಳೆ, ತೆಂಗು, ಜೊತೆಗೆ ಚಪ್ಪರಕ್ಕೆ ಹಬ್ಬಿಸಿದ ಪನ್ನೀರ್ ದ್ರಾಕ್ಷಿ. ಬೇರೆ ಕಡೆ ದ್ರಾಕ್ಷಿಗೆ ಒಂದು ಕಾಲ ಅಂತ ಇದ್ದರೆ ಇಲ್ಲಿ ವರ್ಷವಿಡೀ ಕೊಯ್ಲು. ಈ ತಳಿಯನ್ನು 1832ರಲ್ಲಿ ಒಬ್ಬ ಫ್ರೆಂಚ್ ಪಾದ್ರಿ ತಮಿಳುನಾಡಿಗೆ ತಂದರು ಎನ್ನುತ್ತಾರೆ. 2023ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಇದೇ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕಪ್ಪಿಲಿಯರ ಕುಟುಂಬಗಳಿವೆ. ಮಾತು ಕನ್ನಡ, ಮಕ್ಕಳು ಕಲಿಯುವ ಅಕ್ಷರ ತಮಿಳು.

ಇಲ್ಲಿ ಬೆಳಗಾಗುವ ಮೊದಲೇ ಜೀಪುಗಳ ಸದ್ದು ಶುರುವಾಗುತ್ತದೆ. ಕಣಿವೆಯ ಊರುಗಳಿಂದ ಕೂಲಿಯವರು, ಅದರಲ್ಲೂ ಹೆಂಗಸರು, ಜೀಪುಗಳಲ್ಲಿ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟಿನ ದಾರಿಯಲ್ಲಿ ಘಟ್ಟ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಜೀಪು ತುಂಬಿದ ಮೇಲೆ ಕೆಲವರು ಉಳಿದುಬಿಡುತ್ತಾರೆ. ವಯಸ್ಸಾದವರು, ಮೈಯಲ್ಲಿ ಶಕ್ತಿ ಇಲ್ಲದವರು, ತಡವಾಗಿ ಬಂದವರು. ಸುವಾರ್ತೆಯ ಕಥೆ ನಡೆಯುವುದು ಇಂಥ ಜಾಗದಲ್ಲೇ!

ಕಥೆ ನಿಮಗೂ ಗೊತ್ತಿರಬಹುದು. ಯಜಮಾನ ಮುಂಜಾನೆ ಸಂತೆಬೀದಿಗೆ ಹೋಗಿ, ದಿನದ ಕೂಲಿ ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತು ಗಂಟೆಗೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದರೂ ಇನ್ನೂ ಕೆಲವರು ನಿಂತಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕರೆತರುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ. ಬಿಸಿಲಲ್ಲಿ ದಿನವಿಡೀ ದುಡಿದವರು ಗೊಣಗುತ್ತಾರೆ.

ಗೊಣಗುವುದು ಸಹಜವೇ. ನಾವಾದರೂ ಗೊಣಗುತ್ತಿದ್ದೆವು. ಆದರೆ ಆ ಕಾಲದಲ್ಲಿ ಒಂದು ದಿನದ ಕೂಲಿ ಅಂದರೆ ಒಂದು ಮನೆಯ ಒಂದು ದಿನದ ಊಟ. ಒಂದು ಗಂಟೆ ದುಡಿದವನಿಗೆ ಹನ್ನೆರಡರಲ್ಲಿ ಒಂದು ಪಾಲು ಕೊಟ್ಟರೆ ಲೆಕ್ಕ ಸರಿ, ಆದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹಸಿವಿಗೆ ಹನ್ನೆರಡನೇ ಒಂದು ಪಾಲು ಅಂತ ಇರುವುದಿಲ್ಲವಲ್ಲ.

ಈ ಕಥೆ ನಮ್ಮ ದೇಶದವರೆಗೂ ಬಂದ ದಾರಿ ಸೋಜಿಗದ್ದು. ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಕೂಲಿ, ಸಂಪತ್ತು, ನ್ಯಾಯದ ಬಗ್ಗೆ ಬರೆದ ಲೇಖನಗಳಿಗೆ ಇದೇ ಕಥೆಯಿಂದ 'ಅನ್ ಟು ದಿಸ್ ಲಾಸ್ಟ್' ಎಂಬ ಹೆಸರು ತೆಗೆದುಕೊಂಡ. 1904ರಲ್ಲಿ ದಕ್ಷಿಣ ಆಫ್ರಿಕದ ರೈಲು ಪ್ರಯಾಣದಲ್ಲಿ ಗಾಂಧೀಜಿ ಅದನ್ನು ಓದಿದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬ ಪಾಠ ಅವರಿಗೆ ಅದರಲ್ಲಿ ಸಿಕ್ಕಿತು. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ಬರೆದು 'ಸರ್ವೋದಯ' ಎಂದು ಹೆಸರಿಟ್ಟರು. ನಾವು ಶಾಲೆಯಲ್ಲಿ ಕಲಿಸುವ ಸರ್ವೋದಯ ಎಂಬ ಪದದ ಹಿಂದೆ ಸಂಜೆ ಐದಕ್ಕೆ ಬಂದ ಆ ಕೂಲಿಯವರು ಇದ್ದಾರೆ!

ನಾವು ಸರ್ಕಾರಿ ಶಾಲೆಯವರು. ತರಗತಿಯಲ್ಲಿ ಬೈಬಲ್ ಪಾಠ ಮಾಡುವುದಿಲ್ಲ, ಮಾಡಲೂಬಾರದು. ಸಂವಿಧಾನದ 28ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ನಂಬಿಕೆಯನ್ನು ಮನೆಯಲ್ಲಿಟ್ಟು ಬೀಗ ಹಾಕಿ ಬರಲಾಗುತ್ತದೆಯೇ? ಅದು ಕೆಲಸ ಮಾಡುವ ರೀತಿಯಲ್ಲಿ ಜೊತೆಗೆ ಬರುತ್ತದೆ.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಸಂಜೆ ಐದರ ಮಕ್ಕಳು ಯಾವಾಗಲೂ ಇರುತ್ತಾರೆ. ತಂದೆ ತಾಯಿ ಕೆಲಸ ಹುಡುಕಿಕೊಂಡು ಬೆಂಗಳೂರು, ತಿರುಪ್ಪೂರು ಅಂತ ಹೋಗಿರುತ್ತಾರೆ. ನಡುವರ್ಷದಲ್ಲಿ ಮರಳಿ ಬಂದು ಐದನೇ ತರಗತಿಗೆ ಸೇರುವ ಮಗುವಿಗೆ ಒತ್ತಕ್ಷರ ಬರುವುದಿಲ್ಲ. ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಿದರೆ ಏನು ಹೇಳೀತು? ಅದನ್ನೂ ಯಾರೂ ಕರೆದಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇಂಥ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಅದರ ಹಕ್ಕು ಎನ್ನುತ್ತದೆ. ಅರ್ಧ ಅಕ್ಷರ ಕಲಿತರೆ ಬಸ್ಸಿನ ಬೋರ್ಡೂ ಓದಲಾಗದು. ಇಲ್ಲಿಯೂ ಪೂರ್ತಿ ಕೂಲಿಯೇ ಬೇಕು.

ಒಮ್ಮೆ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಕೇಳಿದರು: "ಮೇಷ್ಟ್ರೇ, ಹೊಸದಾಗಿ ಬಂದವನಿಗೇ ನೀವು ಅರ್ಧ ಪಿರಿಯಡ್ ಕೊಟ್ಟರೆ ಒಂದನೇ ಕ್ಲಾಸಿನಿಂದ ದಿನಾ ಬರುತ್ತಿರುವ ನಮ್ಮ ಹುಡುಗನ ಗತಿ ಏನು?" ಮಾತಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಮಗನ ಚಿಂತೆ ಇತ್ತು. ಅಂದು ರಾತ್ರಿ ಮನೆಯಲ್ಲಿ ಕಥೆಯನ್ನು ಮತ್ತೆ ಓದಿದೆವು. ಯಜಮಾನ ಮೊದಲು ಬಂದವರ ಕೂಲಿಯಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಲಿಲ್ಲ. ಅವರಿಗೆ ಮಾತಾಡಿದ್ದನ್ನು ಪೂರ್ತಿ ಕೊಟ್ಟ. ಕೊನೆಯವರಿಗೆ ಹೆಚ್ಚು ಕೊಟ್ಟದ್ದು ತನ್ನ ಸ್ವಂತ ಗಂಟಿನಿಂದ.

ನಮಗೆ ಬೇಕಾದ ಉತ್ತರ ಅಲ್ಲಿತ್ತು. ಒಬ್ಬ ಮಗುವಿನ ಸಮಯ ಕಿತ್ತು ಇನ್ನೊಬ್ಬನಿಗೆ ಕೊಡುವುದು ಔದಾರ್ಯವಲ್ಲ. ಕೊಡುವುದಾದರೆ ನಮ್ಮ ಗಂಟಿನಿಂದಲೇ ಕೊಡಬೇಕು. ಮೇಷ್ಟರ ಗಂಟಿನಲ್ಲಿ ಇರುವುದು ಹಣವಲ್ಲ, ಸಮಯ. ಪ್ರಾರ್ಥನೆಯ ಗಂಟೆಗೆ ಮೊದಲು ಅರ್ಧ ತಾಸು, ಶಾಲೆ ಬಿಟ್ಟ ಮೇಲೆ ಅರ್ಧ ತಾಸು. ಮರಳು, ಹುಣಸೆ ಬೀಜ, ಹಳೆಯ ಕ್ಯಾಲೆಂಡರಿನ ಹಿಂಬದಿ ಇದ್ದರೆ ಒತ್ತಕ್ಷರ ಕಲಿಸಲು ಸಾಕು. ಆ ತಂದೆಯ ಮಗನೂ ಈಗ ಕೆಲವು ಸಂಜೆ ತಾನಾಗಿ ಉಳಿದು ಹೊಸಬನ ಪಕ್ಕ ಕೂರುತ್ತಾನೆ.

ಇದೆಲ್ಲ ಒಬ್ಬ ಮೇಷ್ಟರಿಂದ ಮುಗಿಯುವ ಕೆಲಸವಲ್ಲ. ವಿಶೇಷ ತರಬೇತಿಗೆ ಬೇಕಾದ ಶಿಕ್ಷಕರನ್ನೂ ಪುಸ್ತಕವನ್ನೂ ಕೊಡಬೇಕಾದದ್ದು ಸರ್ಕಾರವೇ, ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ನಮ್ಮ ಶಾಲೆಗಳ ಬಾಗಿಲಲ್ಲಿ ತಡವಾಗಿ ಬಂದು ನಿಂತ ಮಗುವಿನ ಹೆಸರನ್ನು ಒಂದು ಸಲ ಕರೆಯೋಣ. ನಿಮ್ಮ ಶಾಲೆಯಲ್ಲಿ ಇಂಥ ಮಕ್ಕಳಿಗೆ ಏನು ಮಾಡುತ್ತಿದ್ದೀರಿ? ತಿಳಿಸಿದರೆ ನಾವೂ ಕಲಿಯುತ್ತೇವೆ.