ಮಳೆಗಾಲದ ಓಕಿನಾವಾ

ಜಪಾನಿನ ಕ್ಯೂಶೂ ದ್ವೀಪದಿಂದ ತೈವಾನಿನ ಸಮೀಪದವರೆಗೆ ಸಮುದ್ರದಲ್ಲಿ ಬಾಗಿ ಹಬ್ಬಿರುವ ರ್ಯೂಕ್ಯೂ ದ್ವೀಪಮಾಲಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಓಕಿನಾವಾಕ್ಕೆ ಯಾವ ಋತುವಿನಲ್ಲಿ ಹೋಗುವುದು ಉಚಿತವೆಂದು ಕೇಳಿದರೆ, ಅಲ್ಲಿಗೆ ಹೋಗಿ ಬಂದವರು ಏಪ್ರಿಲ್ ತಿಂಗಳನ್ನೋ, ಚಂಡಮಾರುತಗಳ ಭಯ ಬಹುಮಟ್ಟಿಗೆ ಕಳೆದ ಅಕ್ಟೋಬರಿನ ಕೊನೆಯನ್ನೋ ಹೇಳುವುದು ವಾಡಿಕೆ. ಟೋಕಿಯೋ ನಗರದಲ್ಲಿ ಬಹುಕಾಲದಿಂದ ನೆಲಸಿರುವ, ಮೂಲತಃ ಶಿವಮೊಗ್ಗದ ಕಡೆಯವರಾದ ಹಿರಿಯ ಮಿತ್ರರೊಬ್ಬರು, “ಯಾವಾಗ ಬೇಕಾದರೂ ಹೋಗಿ, ಜೂನ್ ಒಂದು ಬಿಟ್ಟು; ಮಳೆ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ ಮಾರಾಯರೆ?” ಎಂದು ದೂರವಾಣಿಯಲ್ಲಿ ಸ್ನೇಹದಿಂದ ಎಚ್ಚರಿಸಿದರು. ಕಡಲ ಸ್ನಾನವೇ ಉದ್ದೇಶವಾಗಿದ್ದರೆ ಅವರ ಮಾತು ಸರಿಯಾದುದೇ. ಆದರೆ ಆ ದ್ವೀಪದ ಜನ ತಮಗಾಗಿಯೇ, ತಮ್ಮ ಪೂರ್ವಿಕರಿಗಾಗಿಯೇ ಮೀಸಲಿಟ್ಟಿರುವ ದಿನಗಳಲ್ಲಿ ಮುಖ್ಯವಾದ ಕೆಲವು ಮಳೆಗಾಲದಲ್ಲಿಯೇ ಬರುವುವೆಂಬುದನ್ನು ಓದಿ ತಿಳಿದಿದ್ದ ನಾನು, ಬೇಕೆಂದೇ ಜೂನ್ ತಿಂಗಳನ್ನು ಆರಿಸಿಕೊಂಡೆನು.

ಮುಖ್ಯ ಪಟ್ಟಣವಾದ ನಹಾ ಇರುವುದು ನಮ್ಮ ಗುವಾಹಟಿಯ ಅಕ್ಷಾಂಶದಲ್ಲಿ. ಕರ್ಕಾಟಕ ವೃತ್ತಕ್ಕೆ ತುಸು ಉತ್ತರದ ಈ ಉಪೋಷ್ಣ ಭೂಮಿಯ ಪಶ್ಚಿಮಕ್ಕೆ ಕುರೊಶಿಯೊ ಎಂಬ ಉಷ್ಣಪ್ರವಾಹ ಹರಿಯುವುದರಿಂದ ಜನವರಿಯ ಸರಾಸರಿ ಉಷ್ಣತೆ ಸುಮಾರು 17 ಡಿಗ್ರಿ, ಜುಲೈಯದು ಸುಮಾರು 29. ಉತ್ತರದ ಜಪಾನು ಹಿಮದಲ್ಲಿ ಹುದುಗಿರುವ ಜನವರಿಯಲ್ಲಿಯೇ ಇಲ್ಲಿಯ ಚೆರಿ ಮರಗಳು ಗಾಢ ಗುಲಾಬಿ ಬಣ್ಣದ ಹೂ ಬಿಡುತ್ತವೆ. ಅದೂ ಉತ್ತರದ ಬೆಟ್ಟಗಳಲ್ಲಿ ಮೊದಲು ಅರಳಿ ದಿನೇ ದಿನೇ ದಕ್ಷಿಣಕ್ಕೆ ಇಳಿಯುವುದು, ಜಪಾನಿನ ಇತರ ಭಾಗಗಳ ಕ್ರಮಕ್ಕೆ ತೀರ ವಿಪರೀತವಾಗಿ. ಅದೇ ಕಾಲದಲ್ಲಿ ಕೆರಾಮಾ ದ್ವೀಪಗಳ ಸುತ್ತಲಿನ ಕಡಲಿಗೆ ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಮಾರ್ಚ್ ಕೊನೆಗೆ ಕಡಲು ಈಜುಗಾರರಿಗೆ ತೆರೆಯುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರ ಸಾಲುರಜೆಗಳು. ಜುಲೈಯಿಂದ ಅಕ್ಟೋಬರಿನವರೆಗೆ ತೈಫೂನುಗಳು. ಈ ರಜೆಗಳಿಗೂ ತೈಫೂನುಗಳಿಗೂ ನಡುವೆ, ಮೇ ಎರಡನೆಯ ವಾರದ ಸುಮಾರಿಗೆ ತೊಡಗಿ ಜೂನ್ ಮೂರನೆಯ ವಾರದ ಸುಮಾರಿಗೆ ಮುಗಿಯುವುದು ಮಳೆಗಾಲ.

ಈ ಮಳೆ ನಮ್ಮ ಆಗುಂಬೆಯ ಮಳೆಯಲ್ಲ. ಉತ್ತರದ ತಂಪು ವಾಯುರಾಶಿಯೂ ದಕ್ಷಿಣದ ಶಾಂತಸಾಗರದಿಂದ ಬರುವ ಬಿಸಿಯಾದ ಆರ್ದ್ರ ವಾಯುರಾಶಿಯೂ ಒಂದನ್ನೊಂದು ಎದುರಿಸಿ, ಯಾವುದೂ ಸೋಲದೆ ಯಾವುದೂ ಗೆಲ್ಲದೆ, ದ್ವೀಪದ ನೆತ್ತಿಯ ಮೇಲೆ ವಾರಗಟ್ಟಲೆ ನಿಂತುಬಿಡುವುದರಿಂದ ಹುಟ್ಟುವ ಮಳೆ ಇದು. ಒಂದು ದಿನ ಜಡಿ, ಮರುದಿನ ಬರಿಯ ಮೋಡ, ಮೂರನೆಯ ದಿನ ಸುಡುವ ಬಿಸಿಲು, ಅಂದು ಸಂಜೆಯೇ ರಸ್ತೆ ಹೊಳೆಯಾಗುವಂಥ ಸುರಿತ. ನಾನು ನಹಾದಲ್ಲಿ ಇಳಿದಂದು ಅರಮನೆಯ ಗುಡ್ಡವಾದ ಶುರಿ ಮಳೆಯಲ್ಲಿ ಅಳಿಸಿಹೋದಂತಿತ್ತು. 2019ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾದ ಅಲ್ಲಿಯ ಮುಖ್ಯ ಭವನದ ಪುನರ್ನಿರ್ಮಾಣವನ್ನು ನೋಡಲು ಬಂದಿದ್ದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ನಾನು ತಂಗಿದ್ದ ಮನೆಯ ಒಡತಿ ವೃದ್ಧೆ. ಬೆಳಗ್ಗೆ ಬಾಗಿಲು ತೆರೆದು ಮಳೆಯನ್ನು ಕಂಡು ಆಕೆ ಪಡುತ್ತಿದ್ದ ಸಂತೋಷ ನನಗೆ ಮೊದಲು ಅರ್ಥವಾಗಲಿಲ್ಲ. “ಈಗ ಬಾರದಿದ್ದರೆ ಅಣೆಕಟ್ಟು ತುಂಬುವುದು ಹೇಗೆ ಎನ್ನುತ್ತಾರೆ ಅಜ್ಜಿ,” ಎಂದು ಆಕೆಯ ಮೊಮ್ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ದೊಡ್ಡ ನದಿಗಳಿಲ್ಲದ ಈ ನಾಡಿನಲ್ಲಿ ವರ್ಷದ ನೀರೆಲ್ಲ ಮಳೆಗಾಲವನ್ನೂ ತೈಫೂನುಗಳನ್ನೂ ನಂಬಿದೆ. 1981ರ ಜುಲೈಯಿಂದ ಮುಂದಿನ ವರ್ಷದ ಜೂನಿನವರೆಗೆ, 326 ದಿನಗಳ ಕಾಲ, ಇಲ್ಲಿಯ ಮನೆಗಳಿಗೆ ನೀರನ್ನು ಪಡಿಯಳೆದು ಕೊಡಬೇಕಾಯಿತು. ಚಾವಣಿಗಳ ಮೇಲೆ ನೀರಿನ ತೊಟ್ಟಿ ಇಂದಿಗೂ ಕಾಣುವುದು ಅದಕ್ಕೇ. ಪ್ರವಾಸಿಯು ಹಾಳಾದ ದಿನವೆಂದು ಕರೆಯುವುದು ಊರಿನವರಿಗೆ ಸುಭಿಕ್ಷದ ದಿನವಾಗಿರಬಹುದೆಂಬುದನ್ನು ಮಲೆನಾಡಿನ ಅಂಚಿನಲ್ಲಿ ಬೆಳೆದವನಾದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಮನೆಯ ಊಟದಲ್ಲಿ ಹಾಗಲಕಾಯಿಯ ಹೋಳುಗಳನ್ನು ಸೋಯಾ ಗಿಣ್ಣಿನೊಂದಿಗೆ ಬಾಡಿಸಿ ಮಾಡಿದ ಪಲ್ಯವಿಲ್ಲದ ದಿನವೇ ಇರಲಿಲ್ಲ. ಬೇಸಗೆಯ ದಣಿವಿಗೆ ಅದೇ ಮದ್ದೆಂದು ಅವರ ನಂಬಿಕೆ. ಹಳ್ಳಿಗಳಲ್ಲಿ ಮನೆಗಳ ಸುತ್ತ ಗಾಳಿಗೆ ತಡೆಯಾಗಿ ಒತ್ತೊತ್ತಾಗಿ ನೆಟ್ಟಿರುವ ಫುಕುಗಿ ಎಂಬ ಮರ ನಮ್ಮ ಮುರುಗಲಿನ ಕುಲಕ್ಕೆ ಸೇರಿದುದು. ಇನ್ನು ಅಲ್ಲಿಯ ಪ್ರಾಂತ್ಯಪುಷ್ಪವೆಂದು ಮನ್ನಣೆ ಪಡೆದಿರುವ ದೇಇಗೊ, ನಮ್ಮವರು ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಹಾಲವಾಣವೇ! ಆ ಮರ ವಸಂತದಲ್ಲಿ ಹೆಚ್ಚು ಹೂ ಬಿಟ್ಟರೆ ಆ ವರ್ಷ ತೈಫೂನುಗಳು ಹೆಚ್ಚೆಂದು ಓಕಿನಾವಾದ ಜನ ಹೇಳುವುದುಂಟು. ನಾನು ಕಂಡಾಗ ಹೂವೆಲ್ಲ ಮುಗಿದು ಮಳೆಯಲ್ಲಿ ತೊಳೆದ ಎಲೆಗಳು ಮಾತ್ರ ಉಳಿದಿದ್ದುವು.

ದಕ್ಷಿಣದ ಇತೊಮಾನ್ ಬೆಸ್ತರ ಊರು. ಅಲ್ಲಿ ಚಾಂದ್ರಮಾನದ ಐದನೆಯ ತಿಂಗಳ ಶುಕ್ಲ ಚೌತಿಯಂದು ನಡೆಯುವ ದೋಣಿಗಳ ಸ್ಪರ್ಧೆ ಆ ವರ್ಷ ಜೂನಿನಲ್ಲಿಯೇ ಬಿದ್ದಿತ್ತು. ಆ ಸ್ಪರ್ಧೆಯ ಜಾಗಟೆ ಮೊಳಗಿದರೆ ಮಳೆಗಾಲ ಮುಗಿಯಿತೆಂದು ಲೆಕ್ಕ. ಸಾಬಾನಿ ಎಂಬ ನೀಳವಾದ ಮರದ ದೋಣಿಗಳನ್ನೇರಿ ಊರಿನ ಮೂರು ಪಾಳ್ಯಗಳ ತರುಣರು, ಮೊದಲು ಕಡಲಿಗೆ ಪ್ರಾರ್ಥನಾರೂಪವಾದ ಓಟವನ್ನು ಸಲ್ಲಿಸಿ, ಗೆದ್ದವರು ಹಾಕುಗಿಂದೋ ಎಂಬ ದೇವಸ್ಥಾನಕ್ಕೆ ಹೋಗಿ ಅದನ್ನು ನಿವೇದಿಸುವರು. ತರುವಾಯದ ಸ್ಪರ್ಧೆಗಳಲ್ಲಿ ಒಂದು ನನ್ನನ್ನು ಬೆರಗುಗೊಳಿಸಿತು: ನಡುನೀರಿನಲ್ಲಿ ತಾವೇ ತಮ್ಮ ದೋಣಿಯನ್ನು ಮಗುಚಿ ಹಾಕಿ, ಎಲ್ಲರೂ ನೀರಿಗೆ ಬಿದ್ದು, ಮತ್ತೆ ಅದನ್ನು ನೇರಗೊಳಿಸಿ, ಒಳಗಿನ ನೀರನ್ನು ಮೊಗೆದು ಚೆಲ್ಲಿ, ಹತ್ತಿ ಮುಂದೆ ಹುಟ್ಟು ಹಾಕಬೇಕು. ಬಿರುಗಾಳಿಯಲ್ಲಿ ಬದುಕಿ ಬರಲು ಬೆಸ್ತನಿಗೆ ಬೇಕಾದ ವಿದ್ಯೆಯೇ ಹಬ್ಬವಾಗಿರುವ ಆ ನೋಟವನ್ನು ದಡದ ಮೇಲೆ ಅಜ್ಜಿಯರೂ ಹಸುಗೂಸುಗಳೂ ತೊಪ್ಪನೆ ನೆನೆಯುತ್ತ ನೋಡುತ್ತಿದ್ದರು. ಒಬ್ಬರೂ ಮನೆಗೆ ಹೋಗಲಿಲ್ಲ.

ಆದರೆ ನನ್ನನ್ನು ಆ ತಿಂಗಳಿಗೆ ಎಳೆದುತಂದುದು ಜೂನ್ 23. 1945ರ ಏಪ್ರಿಲ್ 1ರಂದು ಅಮೆರಿಕದ ಸೇನೆ ಈ ದ್ವೀಪದ ಪಶ್ಚಿಮ ತೀರದಲ್ಲಿ ಇಳಿಯಿತು. ಮೇ ಕೊನೆಗೆ, ಮಳೆಗಾಲವು ತನ್ನ ಉಗ್ರರೂಪದಲ್ಲಿದ್ದಾಗ, ಜಪಾನೀ ಸೇನೆ ಶುರಿಯನ್ನು ತೊರೆದು ದಕ್ಷಿಣಕ್ಕೆ ಸರಿಯಿತು. ಮುದುಕರೂ ಹೆಂಗಸರೂ ಮಕ್ಕಳೂ ಗುಂಪುಗುಂಪಾಗಿ ಅದೇ ದಿಕ್ಕಿಗೆ, ಮೊಣಕಾಲುದ್ದದ ಕೆಸರಿನಲ್ಲಿ, ಫಿರಂಗಿಗಳ ಕೆಳಗೆ ನಡೆದರು; ಸುಣ್ಣಕಲ್ಲಿನ ಗವಿಗಳಲ್ಲಿ ಅಡಗಿದರು; ನಾಗರಿಕರೂ ಸೈನಿಕರೂ ಕೂಡಿ ಓಕಿನಾವಾದವರೇ ಒಂದು ಲಕ್ಷಕ್ಕೂ ಮಿಕ್ಕಿ ಮಡಿದರು. ಸಂಘಟಿತ ಯುದ್ಧ ನಿಂತಿತೆಂದು ಗಣಿಸಲಾದ ದಿನವೇ ಜೂನ್ 23. ಕಡಲಂಚಿನ ಮಾಬುನಿ ಗುಡ್ಡದಲ್ಲಿ 1995ರಲ್ಲಿ ನಿಲ್ಲಿಸಿದ ಕಪ್ಪು ಶಿಲೆಯ ಸಾಲುಗಳ ಮೇಲೆ, ಸ್ವದೇಶ ಪರದೇಶ, ಮಿತ್ರ ಶತ್ರುವೆಂಬ ಭೇದವಿಲ್ಲದೆ, ಮಡಿದವರ 2,40,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ. ಅಂದು ಬೆಳಗಿನಿಂದಲೇ ಕುಟುಂಬಗಳು ಬರತೊಡಗಿದುವು. ಒಬ್ಬ ವೃದ್ಧರು ಕಲ್ಲಿನ ಮೇಲೆ ನೀರು ಹನಿಸಿ, ಒಂದು ಹೆಸರನ್ನು ಬೆರಳಿನಿಂದ ಮೊದಲಿಂದ ಕೊನೆಯವರೆಗೆ ತಡವಿ, ಬುತ್ತಿಯನ್ನು ಬಿಚ್ಚಿ ಅದರ ಮುಂದಿಟ್ಟರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಛತ್ರಿಯನ್ನು ತನಗೆ ಹಿಡಿದುಕೊಳ್ಳದೆ ಆ ಕಲ್ಲಿಗೆ ಹಿಡಿದಿದ್ದಳು. ಮಧ್ಯಾಹ್ನ 12 ಗಂಟೆಗೆ ಎಲ್ಲರೂ ಎದ್ದು ಮೌನವಾಗಿ ನಿಂತರು. ನೀಲಾಕಾಶದ ಏಪ್ರಿಲಿನಲ್ಲಿ ಬಂದು ಇದೇ ಕಲ್ಲುಗಳನ್ನು ನೋಡಿದ್ದರೆ ನಾನು ಹೆಸರುಗಳನ್ನು ಓದುತ್ತಿದ್ದೆನು. ಆ ಕೆಸರನ್ನೂ ಆ ದಾರಿಯನ್ನೂ ಅರಿಯುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ದಕ್ಷಿಣದ ಗಾಳಿ ಬಲವಾಗಿ ಬೀಸತೊಡಗಿ, ಮೋಡಗಳು ಕ್ಯೂಶೂ ಕಡೆಗೆ ತೆರಳಿದುವು. ಅಲ್ಲಿ ಇನ್ನೂ ಮಳೆ ಸುರಿಯುತ್ತಿರುವಾಗಲೇ ಇಲ್ಲಿ ಬೇಸಗೆ ಬೆಳಗಿತು. ಮಕ್ಕಳೊಡನೆ ಕಡಲಿಗಾಗಿಯೇ ಹೋಗುವವರು ಏಪ್ರಿಲಿನಲ್ಲಿ, ಸಾಲುರಜೆಗಳಿಗೆ ಮುಂಚೆ ಹೋಗಲಿ. ನಡೆದಾಡುವ ಆಸೆಯುಳ್ಳವರಿಗೆ ನವೆಂಬರ್ ಹಿತ. ಜನರನ್ನು ಕಾಣಬೇಕೆಂಬವರು ಗಟ್ಟಿಯಾದ ಛತ್ರಿ ಹಿಡಿದು ಜೂನಿನಲ್ಲಿ ಹೋಗಲಿ. ನಹಾದಿಂದ ಇತೊಮಾನಿಗೆ ಬಸ್ಸುಂಟು; ಅಲ್ಲಿ ಬಸ್ಸು ಬದಲಿಸಿದರೆ ಮಾಬುನಿ. ದೋಣಿಗಳ ಸ್ಪರ್ಧೆ ಚಂದ್ರನನ್ನು ಅನುಸರಿಸಿ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಸರಿದಾಡುವುದರಿಂದ, ಟಿಕೆಟ್ಟು ಕೊಳ್ಳುವ ಮುನ್ನ ಆ ವರ್ಷದ ತಿಥಿಯನ್ನು ವಿಚಾರಿಸಿಕೊಳ್ಳಬೇಕು. 23ನೆಯ ತಾರೀಖು ಮಾತ್ರ ಬದಲಾಗುವುದಿಲ್ಲ.