ಭೋರಿನ ಹೆರಿಗೆಮನೆಗಳು

ಪಂತಸಚಿವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಭೋರಿಗೆ, ಬೆಳಗಾವಿ ಸೀಮೆಯವಳಾದ ನಾನು ಎಪ್ಪತ್ತರ ದಶಕದಲ್ಲಿ ವೈದ್ಯೆಯಾಗಿ ಬಂದಾಗ, ಪುಣೆಯ ಸಸೂನ್ ಆಸ್ಪತ್ರೆಗೂ ನಮಗೂ ನಡುವೆ ಕಾತ್ರಜ ಘಾಟವಿತ್ತು. ಭಾಟಘರ ಜಲಾಶಯದ ಹಿನ್ನೀರಿನಾಚೆಯ ಹಳ್ಳಿಗಳಿಗೂ ನಮಗೂ ನಡುವೆ ಮಳೆಗಾಲದ ಕೆಸರಿತ್ತು. ಅಲ್ಲಿಯ ಗರ್ಭಿಣಿಯರನ್ನು ನೋವು ತೊಡಗಿ ಒಂದು ರಾತ್ರಿ ಕಳೆದ ಮೇಲೆಯೇ ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತರುತ್ತಿದ್ದರು.

ಕೂಸಿನ ತಲೆಯು ಹೊರಬಂದು, ಭುಜವು ತಾಯಿಯ ಜಘನಾಸ್ಥಿಯ ಹಿಂದೆ ಸಿಕ್ಕಿ ನಿಂತ ಆ ಕೆಲವು ನಿಮಿಷಗಳನ್ನು ಕಂಡವರು ಮರೆಯಲಾರರು. ಮುಖವು ನೀಲಿಗಟ್ಟುತ್ತಿರುವಾಗ, ಕಣ್ಣೆದುರಿನ ತಲೆಯನ್ನು ಹಿಡಿದೆಳೆಯಬೇಕೆಂಬ ಆತುರವು ಎಂಥ ಕೈಗಾದರೂ ಸಹಜವೇ. ಆದರೆ ಹಾಗೆ ಎಳೆದಾಗ ಕೊರಳಿನಿಂದ ತೋಳಿಗಿಳಿಯುವ ನರಜಾಲವು ಜಗ್ಗಿ, ಕೆಲವೊಮ್ಮೆ ಹರಿದೇ ಹೋಗುವುದುಂಟು. ಕೂಸು ಉಳಿಯಿತೆಂಬ ಸಂತೋಷದಲ್ಲಿ ತೋಳಿನ ಕಡೆ ಯಾರ ಲಕ್ಷ್ಯವೂ ಹೋಗುತ್ತಿರಲಿಲ್ಲ. ಎಣ್ಣೆ ಹಚ್ಚುವ ಅಜ್ಜಿಗೇ ಅದು ಮೊದಲು ಕಾಣುತ್ತಿತ್ತು: ಸದ್ದಿಗೆ ಬೆಚ್ಚಿ ಒಂದು ಕೈ ಅರಳುತ್ತದೆ, ಇನ್ನೊಂದು ಮೊಣಕೈ ಮಡಿಯದೆ, ಅಂಗೈಯನ್ನು ಹಿಂದಕ್ಕೆ ತಿರುವಿಕೊಂಡು ಪಕ್ಕೆಗೆ ಜೋತುಬಿದ್ದಿರುತ್ತದೆ. ಫ್ರಾನ್ಸಿನ ಡ್ಯೂಶೆನ್ 1872ರಲ್ಲಿಯೂ ಜರ್ಮನಿಯ ಎರ್ಬ್ 1874ರಲ್ಲಿಯೂ ವರ್ಣಿಸಿದ ಈ ವ್ಯಾಧಿಯನ್ನು ಭೋರಿನ ಸುತ್ತಲ ಮಾವಳ ಸೀಮೆಯ ಮನೆಗಳಲ್ಲಿ ಗ್ರಹಣದ ದೋಷವೆಂದು ಬಗೆದು, ಗ್ರಹಣದ ದಿನ ಮನೆಯೊಳಗೆ ಕುಳಿತಿರಲಿಲ್ಲವೆಂದು ಬಾಣಂತಿಯನ್ನೇ ದೂರುತ್ತಿದ್ದರು. ಆ ದೂರು ನನಗೆ ವ್ಯಾಧಿಗಿಂತ ಕ್ರೂರವಾಗಿ ತೋರುತ್ತಿತ್ತು.

ಹಳ್ಳಿಯ ಸೂಲಗಿತ್ತಿಯರನ್ನು ಕುರಿತು ಒಂದು ಮಾತನ್ನು ಹೇಳಲೇಬೇಕು. ನಾವು ಮೇಜಿನ ಮೇಲೆ ಅಂಗಾತ ಮಲಗಿಸುತ್ತಿದ್ದ ಹೆಂಗಸನ್ನು ಅವರು ಕುಕ್ಕರಗಾಲಿನಲ್ಲಿ ಕೂರಿಸುತ್ತಿದ್ದರು. "ಡಾಕ್ಟರೀಣಬಾಯಿ, ಮಲಗಿಸಿದರೆ ಹಾದಿ ಇಕ್ಕಟ್ಟಾಗುತ್ತದೆ" ಎಂದು ಒಬ್ಬ ಮುದುಕಿ ಅಂದದ್ದುಂಟು. ತೊಡೆಗಳನ್ನು ಹೊಟ್ಟೆಯ ಕಡೆಗೆ ಬಲವಾಗಿ ಮಡಿಸಿದರೆ ಸಿಕ್ಕಿದ ಭುಜವು ಜಾರಿಬರುವುದೆಂಬ ಉಪಾಯವು ಹ್ಯೂಸ್ಟನ್ನಿನ ವೈದ್ಯ ಮ್ಯಾಕ್‌ರಾಬರ್ಟ್ಸರ ಹೆಸರಿನಲ್ಲಿ 1983ರಲ್ಲಿ ವೈದ್ಯಪತ್ರಿಕೆಗೆ ಬಂದಾಗ ನನಗೆ ನೆನಪಾದವಳು ಆಕೆಯೇ. ನಮ್ಮ ದಾದಿಯರು ತೊಡೆಗಳನ್ನು ಮಡಿಸುವುದನ್ನೂ ಹೊಟ್ಟೆಯ ತಳದಲ್ಲಿ ಅಂಗೈಯಿಂದ ಒತ್ತುವುದನ್ನೂ ಕಲಿತರು. ತಲೆಯನ್ನು ಎಳೆಯದಿರುವುದನ್ನು ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

2005ರ ಜನನಿ ಸುರಕ್ಷಾ ಯೋಜನೆಯೂ ಆಶಾ ಕಾರ್ಯಕರ್ತೆಯರೂ ಬಂದರು. 2014ರಲ್ಲಿ 108ರ ಆಂಬುಲೆನ್ಸ್ ಬಂದಿತು. ಜೋಳಿಗೆ ಮರೆಯಾಯಿತು, ಸೂಲಗಿತ್ತಿಯರೂ ಮರೆಯಾದರು. ಮೊದಲನೆಯದಕ್ಕೆ ನನಗೆ ಖೇದವಿಲ್ಲ.

ಹಾಗೆ ಜೋತುಬಿದ್ದ ತೋಳು ಬಹುಪಾಲು ಕೂಸುಗಳಲ್ಲಿ ತಾನಾಗಿ ಚೇತರಿಸಿಕೊಳ್ಳುವುದೇನೋ ನಿಜ; ಆದರೆ ಗಾಯಗೊಂಡ ನರವು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟೇ ಬೆಳೆಯುವುದರಿಂದ ತಿಂಗಳುಗಟ್ಟಲೆ ಕಾಯಬೇಕು, ಕೀಲುಗಳು ಬಿಗಿಯದಂತೆ ತಾಯಿಯೇ ನಿತ್ಯವೂ ತೋಳನ್ನು ಮೃದುವಾಗಿ ಆಡಿಸಬೇಕು, ಮೂರು ತಿಂಗಳಾದರೂ ಮೊಣಕೈ ಮಡಿಯದಿದ್ದರೆ ನರದ ಶಸ್ತ್ರವೈದ್ಯರಲ್ಲಿಗೆ ಒಯ್ಯಬೇಕು. ಹಿಂದೆ ಅಂತಹ ಮಕ್ಕಳು ಶಾಲೆಗೆ ಸೇರುವ ವಯಸ್ಸಿನಲ್ಲಿ, ಭುಜವು ಬಿಗಿದು ಹೋದಮೇಲೆ ನನ್ನೆದುರಿಗೆ ಬರುತ್ತಿದ್ದರು. ಆದುದರಿಂದ, ಮನೆಗೆ ಹೋಗಿ ಕೂಸನ್ನು ನೋಡುವ ಆಶಾ ಹೆಣ್ಣುಮಕ್ಕಳಿಗೆ, ತೂಕ ಮಾಡುವ ಮೊದಲು ಬಟ್ಟೆ ಬಿಚ್ಚಿ ಎರಡೂ ತೋಳುಗಳನ್ನು ನೋಡಿರೆಂದು ನಾನು ಇಂದಿಗೂ ಹೇಳುತ್ತಿರುತ್ತೇನೆ.